ನನ್ನ ಮನೆಯ ಹೆಸರಿನ ಇಮೇಲು

ಮೂಡಿಗೆರೆ ಹತ್ತಿರದ ನಮ್ಮ ಎಸ್ಟೇಟ್ ಬಂಗಲೆಯ ಎರಡು ರೂಮುಗಳನ್ನು ಹೋಮ್‌ಸ್ಟೇ ಮಾಡಿದ್ದು, ಯಜಮಾನರು ತೀರಿಕೊಂಡ ಮೇಲೆ, ಕಾಫಿ ರೇಟು ಪಾತಾಳ ಕಂಡಿದ್ದ ವರ್ಷಗಳಲ್ಲಿ. ವಿಸಿಟಿಂಗ್ ಕಾರ್ಡಿನಲ್ಲಿ ಒಂದು ಫ್ರೀ ಇಮೇಲ್ ಹಾಕಿಸಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ನಾನೇ ಮಾಡಿಕೊಂಡದ್ದು. ಪೇಟೆಗೆ ಹೋದಾಗಲೆಲ್ಲ ತೆರೆದು ನೋಡಿ ಬರುತ್ತಿದ್ದೆ.

ಕಾರ್ಡು ನೋಡಿ ನಕ್ಕವಳು ನನ್ನ ಗೆಳತಿ. ಕಾನ್ವೆಂಟಿನಲ್ಲಿ ಇಬ್ಬರದೂ ಒಂದೇ ಡೆಸ್ಕು. ಮದುವೆಯಾಗಿ ಬಂದದ್ದೂ ಪಕ್ಕಪಕ್ಕದ ಎಸ್ಟೇಟಿಗೆ.

"ಥೂ, ಪುಕ್ಸಟ್ಟೆ ಇಮೇಲು! ಸೋ ಚೀಪ್ ಮಾರಾಯ್ತಿ. ಬೆಂಗಳೂರಿನೋರು ನಂಬ್ತಾರಾ? ಮನೆ ಹೆಸರಲ್ಲೇ ಡೊಮೇನ್ ತಗೋ, ಇಮೇಲೂ ಅದೇ ಹೆಸರಲ್ಲಿ ಬರುತ್ತೆ."

"ವರ್ಷಾ ವರ್ಷಾ ದುಡ್ಡು ಕಟ್ಬೇಕಂತಲ್ಲೇ. ಪೋಸ್ಟಿನವ್ರು ಅಡ್ರೆಸ್ಸಿಗೆ ದುಡ್ಡು ಕೇಳ್ತಾರಾ?"

"ನೀನೊಬ್ಳು ಕಂಜೂಸ್! ಬಿಡು, ನಾನೇ ಮಾಡಿಸ್ತೀನಿ."

"ಹಾಗಾದ್ರೆ ನೀನೇ ಎಲ್ಲಾ ನೋಡ್ಕೋ," ಅಂದೆ. ಮಾಡಿಸಿದಳು. ಹೊಸ ಕಾರ್ಡಿನಲ್ಲಿ ನಮ್ಮ ಮನೆಯ ಹೆಸರು ಎಷ್ಟು ಡಿಗ್ನಿಫೈಡ್ ಆಗಿ ಕಾಣುತ್ತಿತ್ತೆಂದರೆ, ಗೇಟಿಗೆ ಹಿತ್ತಾಳೆ ಬೋರ್ಡು ಹಾಕಿಸಿದಷ್ಟೇ ಹೆಮ್ಮೆ ನನಗೆ. ಅವಳ ಮನೆಯಲ್ಲಿ ಇಂಟರ್ನೆಟ್ ಇತ್ತು. ಬಂದ ಇಮೇಲುಗಳನ್ನು ಅವಳೇ ಓದಿ, ಫೋನಿನಲ್ಲಿ, "ಶನಿವಾರ ಎರಡು ರೂಮೂ ಫುಲ್ ಕಣೇ, ಕಡುಬಿಗೆ ರೆಡಿ ಮಾಡ್ಕೋ," ಎನ್ನುತ್ತಿದ್ದಳು. ನಾನು ಒಮ್ಮೆಯೂ ತೆರೆದು ನೋಡಲಿಲ್ಲ. ಪಾಸ್‌ವರ್ಡ್ ಕೇಳುವುದೆಂದರೆ ಅವಳ ಹ್ಯಾಂಡ್‌ಬ್ಯಾಗಿಗೆ ಕೈಹಾಕಿದಂತೆ ಅನ್ನಿಸುತ್ತಿತ್ತು.

ಬರಬರುತ್ತಾ ಫೋನು ಕಡಿಮೆಯಾಯಿತು. "ಎಲ್ಲಾ ಕಡೆ ಡಲ್ ಕಣೇ," ಅಂದಳು. ಹಾಸಿಗೆಗಳಿಗೆ ಬೂಷ್ಟು ಹಿಡಿಯಿತು. ಅಡುಗೆಯವಳನ್ನು ಬಿಡಿಸಿದೆ. ಗೆಳತಿಯ ಔಟ್‌ಹೌಸಿಗೆ ಆಗಲೇ ಹೊಸ ಹೆಂಚು ಬಂದಿತ್ತು. ನೆಂಟರಿಷ್ಟರಿಗೆ ಅಂದಿದ್ದಳು, ನಂಬಿದ್ದೆ.

ಒಂದು ದಿನ ಮೂಡಿಗೆರೆಯ ಬೇಕರಿಯಲ್ಲಿ, ಪ್ರತಿವರ್ಷ ನಮ್ಮಲ್ಲಿಗೆ ಬರುತ್ತಿದ್ದ ದಂಪತಿ ಸಿಕ್ಕರು. ಆಕೆ ನನ್ನ ಕಾಲನ್ನೇ ನೋಡಿದಳು.

"ಆಂಟಿ, ಓಡಾಡ್ತಿದೀರಾ! ಮಂಡಿ ಆಪರೇಷನ್ ಆಯ್ತಲ್ಲಾ?"

"ಯಾರಿಗಮ್ಮಾ?"

"ನೀವೇ ಮೇಲ್ ಮಾಡಿದ್ರಲ್ಲ! ರೂಮ್ ಕ್ಲೋಸ್ ಮಾಡಿದೀನಿ, ನನ್ನ ಫ್ರೆಂಡ್ ಮನೆಗೆ ಹೋಗಿ ಅಂತ. ಅಲ್ಲಿಂದಲೇ ಬರ್ತಿದೀವಿ. ನೀವು ನೋಡೋಕೂ ಬರ್ಲಿಲ್ಲ ಅಂತ ಇವ್ರಿಗೆ ಬೇಜಾರು."

ಕೈಯಲ್ಲಿದ್ದ ಬನ್ನಿನ ಪೊಟ್ಟಣ ಅಲ್ಲೇ ಬಿಟ್ಟು ಸೈಬರ್ ಕೆಫೆಗೆ ನಡೆದೆ. ನನ್ನ ಹಳೆಯ ಫ್ರೀ ಇಮೇಲು ಬಹಳ ದಿನ ಮುಟ್ಟದೆ ಬಂದ್ ಆಗಿತ್ತು. ಹೊಸದೊಂದು ಮಾಡಿ, ಯಾರೋ ಪರವೂರಿನವಳಂತೆ, ನನ್ನ ಮನೆಗೇ ಬರೆದೆ: ಎರಡು ರೂಮು ಬೇಕಿತ್ತು, ಸಿಗಬಹುದೇ?

ಮರುದಿನ ಉತ್ತರ ಬಂದಿತ್ತು. ಸೊಗಸಾದ ಇಂಗ್ಲಿಷು, ಕಾಮಾ ಸಹಿತ ಕರೆಕ್ಟು. ನನಗೆ ಆರೋಗ್ಯ ಸರಿಯಿಲ್ಲವಂತೆ. ಕೆಳಗೆ ನನ್ನ ಹೆಸರು.

ಫೋನ್ ಮಾಡಿದೆ. ಅವಳು ಸುಳ್ಳು ಹೇಳಲಿಲ್ಲ, ಅದೇ ಇನ್ನೂ ಚುಚ್ಚಿತು.

"ನೋಡು, ಕಾಫಿ ನಂಬ್ಕೊಂಡು ನಾವೂ ಮುಳುಗ್ತಿದ್ವಿ. ನಿನ್ನದೇನು, ಒಂಟಿ ಜೀವ."

"ನನ್ನ ಮನೆ ಹೆಸರು ವಾಪಸ್ ಕೊಡೇ."

"ಡೊಮೇನ್ ನನ್ನ ಹೆಸರಲ್ಲೇ ರಿಜಿಸ್ಟರ್ ಆಗಿರೋದು ಕಣೇ. ನೀನೇ ಎಲ್ಲಾ ನೋಡ್ಕೋ ಅಂದಿದ್ದೆಯಲ್ಲ."

ಈಗ ನನ್ನ ಕಾರ್ಡಿನಲ್ಲಿ ಮತ್ತೆ ಪುಕ್ಸಟ್ಟೆ ಇಮೇಲೇ ಇದೆ. ಮನೆಯ ಹೆಸರು ಅದರಲ್ಲಿಲ್ಲ. ಪಾಸ್‌ವರ್ಡ್ ನನ್ನ ತಲೆಯಲ್ಲಿದೆ. ಹಳೆಯ ಅತಿಥಿಗಳು ಮನೆ ಹೆಸರಿನ ಕಾರ್ಡನ್ನೇ ಇಟ್ಟುಕೊಂಡು ಆ ವಿಳಾಸಕ್ಕೇ ಬರೆಯುತ್ತಾರೆ. ಅಲ್ಲಿ ನನಗಿನ್ನೂ ಹುಷಾರಾಗಿಲ್ಲ.