ಒಳಲೆಯ ಬೆನ್ನು ಹತ್ತಿ ಹೊಳಲ್ಕೆರೆಗೆ

ಬೆಳಗಿನ ತಿಂಡಿ ಮುಗಿಸಿ ಚಿತ್ರದುರ್ಗದಲ್ಲಿ ಹಿರಿಯೂರಿನ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಟಿಕೆಟ್ಟಿಗೆ ದುಡ್ಡಿಲ್ಲ, ಕೂರಲು ಸೀಟೂ ಇಲ್ಲ. ನನ್ನ ಗಾಜಿನ ಬೀರುವಿನಲ್ಲಿ ಬೆಳ್ಳಿಯ ತುಪ್ಪದ ಮಿಳ್ಳೆ, ಪಾಯಸದ ಸೌಟು, ಹಳೆಯ ಚಮಚಗಳೆಲ್ಲ ಇವೆ. ಕೂಸಿಗೆ ಹಾಲು, ಔಷಧಿ ಕುಡಿಸುವ, ಕೊಕ್ಕಿನಂಥ ಮೂತಿಯ ಒಳಲೆಯೊಂದೇ ಇಲ್ಲ. ಅದಕ್ಕೆಂದು ನಡುವೆ ಜಾಗ ಬಿಟ್ಟಿದ್ದೆ. ಈ ಸಲ ತಂದೇ ತರುವೆನೆಂದು ಹಟ ಹಿಡಿದು ಹೊರಟಿದ್ದೆ. "ಬಸುರಿ ಮಗಳಿಗೆ ಏಳು ತಿಂಗಳು ತುಂಬೈತೆ, ನೀನು ಚಮಚ ಹುಡುಕ್ಕೊಂಡು ಹೊಂಟೆ" ಎಂದು ಯಜಮಾನರು ಗೇಟಿನವರೆಗೂ ಗೊಣಗಿದ್ದರು.

ಹಿರಿಯೂರಿನ ಬೆಳ್ಳಿ ಅಂಗಡಿಯವರು ಪರಿಚಿತರು. "ಹಳೇ ಒಳಲೆ ಬಂದ್ರೂ ಉಳಿಯಲ್ಲಕ್ಕ, ಕರಗಿಸಿ ಕಾಲ್ಗೆಜ್ಜೆ ಮಾಡ್ಕೊಡ್ರಿ ಅಂತಾರೆ. ಹೊಸದುರ್ಗದಾಗೆ ಗೌರಮ್ಮ ಅಂತ ಅವ್ರೆ, ಅವರ ಹತ್ರ ಒಂದೈತೆ" ಎಂದರು. ವಿಳಾಸ ಕೇಳಿಕೊಂಡು ಮುಂದಿನ ಬಸ್ಸಿಗೆ ಓಡಿದೆ. ಮಾರಿಕಣಿವೆಯ ಹಿನ್ನೀರು ಕಿಟಕಿಯಲ್ಲಿ ಬಂದು ಹೋಯಿತು. ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದಿದ್ದ ನಾನು ಸರಿಯಾಗಿ ನೋಡಲೂ ಇಲ್ಲ.

ಹೊಸದುರ್ಗದಲ್ಲಿ ಬಾಗಿಲು ತೆರೆದದ್ದು ಗೌರಮ್ಮನವರ ಸೊಸೆ. ಚಾಪೆ ಹಾಸಿ, ಬೇಡವೆಂದರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. "ಅತ್ತೆ ಹೊಳಲ್ಕೆರೆಗೆ ತಂಗಿ ಮನೇಗೆ ಹೋಗ್ಯಾರೆ. ಅಲ್ಲಿ ಕೂಸೈತಲ್ಲ, ಒಳಲೇನೂ ಅಲ್ಲೇ ಐತೆ. ನಾಳೆ ಬರ್ರಿ." ನಾಳೆ ಎಂದವರ ಮನೆ ಹಾಳು ಎನ್ನುವವಳು ನಾನು. ಕೈ ತೊಳೆದು ಎದ್ದೆ.

ಹೊಳಲ್ಕೆರೆ ತಲುಪಿದಾಗ ಬಿಸಿಲು ಇಳಿದಿತ್ತು. ಗೌರಮ್ಮ ತಂಗಿಯ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಹಾಲು ಕುಡಿಸುತ್ತಿದ್ದರು. ಒಳಲೆಯ ಅಂಚು ಸವೆದು ನುಣುಪಾಗಿತ್ತು. ಆಸೆ ತಡೆಯಲಾಗಲಿಲ್ಲ. ಬೀರುವಿನ ಕಥೆಯೆಲ್ಲ ಹೇಳಿ, "ಎಷ್ಟಾದ್ರೂ ಸರಿ, ಕೊಡ್ರಿ" ಎಂದುಬಿಟ್ಟೆ.

"ಬೀರುಗೆ ಕೊಡಾಕಿಲ್ಲ ಕಣವ್ವ. ನಮ್ಮತ್ತೆ ಕಾಲದಿಂದ ಕೂಸಿರೋ ಮನೇಗಷ್ಟೇ ಇದು ಹೋಗೋದು. ಹಲ್ಲು ಬರೋಗಂಟ ಇಟ್ಕಂತಾರೆ, ಆಮೇಲೆ ಸಕ್ಕರೆ ತುಂಬಿ ವಾಪಸ್ ತರ್ತಾರೆ."

ಇಷ್ಟು ದೂರ ಅಲೆದು ಬರಿಗೈಯಲ್ಲಿ ಹೋಗುವುದೇ? ಸಿಟ್ಟು ನೆತ್ತಿಗೇರಿತು. "ನನ್ನ ಮಗಳೂ ಏಳು ತಿಂಗಳ ಬಸುರಿ!" ಎಂದೆ, ಜಗಳಕ್ಕೆ ನಿಂತವಳ ಹಾಗೆ.

ಗೌರಮ್ಮ ನಕ್ಕರು. "ಇದನ್ನ ಮೊದ್ಲೇ ಹೇಳಾಕೇನಾಗಿತ್ತು? ಇವನಿಗೀಗ ಐದು ತಿಂಗಳು. ಹಲ್ಲು ಬರಲಿ, ಮುಂದಿನ ಸರದಿ ನಿಮ್ದೇ. ಆದ್ರೆ ವಾಪಸ್ ತರಬೇಕು."

"ತರ್ತೀನಿ" ಎಂದೆ.

ಮನೆಗೆ ಬಂದವಳೇ ಬೀರು ತೆಗೆದು, ನಡುವಿನ ಖಾಲಿ ಜಾಗಕ್ಕೆ ಮಿಳ್ಳೆಯನ್ನು ಸರಿಸಿಟ್ಟೆ.

"ಎಲ್ಲಿ ನಿನ್ನ ಒಳಲೆ?" ಎಂದರು ಯಜಮಾನರು.

"ಹೊಳಲ್ಕೆರೇಲಿ ಒಂದು ಕೂಸು ಹಾಲು ಕುಡೀತಾ ಐತೆ" ಎಂದೆ. "ಕುಡಿದು ಮುಗಿಸ್ಲಿ."