ಪುಟ್ಟಕ್ಕನ ಏಡಿ ಸಾರು

ಪುಟ್ಟಕ್ಕ ನನಗೆ ಮೋಸ ಮಾಡಿ ಏಡಿ ಸಾರು ಕುಡಿಸಲಿಲ್ಲ. ನಾನೇ ಗೊತ್ತಿದ್ದೂ ಕುಡಿದೆ. ಕುಡಿದು, ಸುಳ್ಳನ್ನು ಅವಳ ಮೇಲೆ ಹೊರಿಸಿದೆ — ಇಷ್ಟು ಬರೆಯಲು ನನಗೆ ಅರ್ಧ ಆಯಸ್ಸು ಹಿಡಿಯಿತು.

ಓದು ತಲೆಗೆ ಹತ್ತುವ ಮೊದಲೇ ಶಾಲೆ ಬಿಟ್ಟವನು ನಾನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ನನ್ನ ಕಸುಬು. ಬೆಳಗೋಡಿನಿಂದ ಹಾನುಬಾಳಿನವರೆಗೆ ಯಾವ ಎಸ್ಟೇಟಿನಲ್ಲಿ ಯಂತ್ರ ನಿಂತರೂ ನನಗೇ ಕರೆ. ಯಾರ ಮುಂದೆಯೂ ಕೈಯೊಡ್ಡದವನು ಎಂಬ ಹೆಮ್ಮೆ. ನಮ್ಮದು ಲಿಂಗ ಕಟ್ಟುವ ಮನೆ. ಮೀನು, ಏಡಿ ಹೊಸ್ತಿಲು ದಾಟುವ ಹಾಗಿಲ್ಲ. ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯ ಪುಟ್ಟಕ್ಕ ಅವನ್ನು ತಿನ್ನುವವಳು. ಆದರೂ ಬೀದಿಯಲ್ಲಿ ಯಾರ ಮಗುವಿಗೆ ನೆಗಡಿಯಾದರೂ ಶುಂಠಿ, ಮೆಣಸು, ದೊಡ್ಡಪತ್ರೆ ಜಜ್ಜಿ ಕಷಾಯ ಕಾಸಿ ಕೊಡುತ್ತಿದ್ದವಳು ಅವಳೇ. ಅದಕ್ಕೆಂದೇ ಬೇರೆ ಪಾತ್ರೆ ಇಟ್ಟಿದ್ದಳು. ಒಳಗೆ ಏನೇನಿದೆ ಎಂದು ಹೇಳದೆ ಯಾರಿಗೂ ಕೊಟ್ಟವಳಲ್ಲ.

ಆ ಚಳಿಗಾಲ ನನ್ನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಬೆಳಗಿನ ಇಬ್ಬನಿ, ತಣ್ಣೀರಿನಲ್ಲಿ ಕೆಲಸ — ಎದೆ ಕಟ್ಟಿತು. ನನ್ನ ಕೆಮ್ಮು ಗೋಡೆಯಾಚೆ ಕೇಳಿಸಿರಬೇಕು. ಸಂಜೆ ಪುಟ್ಟಕ್ಕ ಹಬೆಯಾಡುವ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು.

"ಇದು ಹುರುಳಿ ಸಾರಲ್ಲ ಕಣೋ. ಹಳ್ಳದ ಏಡಿ ಜಜ್ಜಿ ಮಾಡಿದ್ದು. ಕುಡಿಯೋದು ಬಿಡೋದು ನಿಂಗ್ ಬುಟ್ಟಿದ್ದು. ಹಿಂಗೇ ಕೆಮ್ತಿದ್ರೆ ನಿನ್ ಎದೇನೇ ಪಲ್ಪರಿಗ್ ಹಾಕ್ಬೇಕಾಯ್ತದೆ ಮಾರಾಯ."

ನಕ್ಕೆ. ಬಾಗಿಲು ಮುಚ್ಚಿಕೊಂಡು ಕುಡಿದೆ. ಮೆಣಸು, ಬೆಳ್ಳುಳ್ಳಿಯ ಖಾರಕ್ಕೆ ಕಣ್ಣು ಮೂಗೆಲ್ಲ ಸುರಿಯಿತು. ಬೆವರಿ, ಮಗುವಿನಂತೆ ನಿದ್ದೆ ಹೋದೆ. ಮರುದಿನ ನಾನೇ ಹೋಗಿ ಮತ್ತೆ ಸಾರು ಕೇಳಿದೆ — ಹೌದು, ಕೈಯೊಡ್ಡದ ನಾನೇ.

ಕೆಮ್ಮು ಇಳಿಯುವ ಹೊತ್ತಿಗೆ ಅತ್ತೆ ಬಂದರು, ಹೆಣ್ಣು ಮಗು ಹುಟ್ಟಿದ ಸುದ್ದಿ ತಂದು. ಒಲೆಯ ಪಕ್ಕದ ಪಾತ್ರೆ ಎತ್ತಿ ನೋಡಿದರು. ತಳದಲ್ಲಿ ಏಡಿ ಕಾಲಿನ ಚೂರು. ಪಾತ್ರೆ ಒಯ್ಯಲು ಬಂದ ಪುಟ್ಟಕ್ಕ ಅದೇ ಗಳಿಗೆಗೆ ಜಗಲಿಯ ಮೇಲಿದ್ದಳು.

"ಏನಿದು, ಅಳಿಯಂದ್ರೇ?"

"ಹುರುಳಿ ಸಾರು ಅಂತ ಕೊಟ್ಲು. ನಂಗೇನ್ ಗೊತ್ತು?"

ಬಾಯಿ ತಪ್ಪಿ ಬಂದ ಮಾತು ಎನ್ನಲೇ? ಅಲ್ಲ. ಯೋಚಿಸಿಯೇ ಆಡಿದೆ. ಅವಳು ಎದುರಾಡುವುದಿಲ್ಲ ಎಂದೂ ಒಳಗೊಳಗೇ ಗೊತ್ತಿತ್ತು...

ಪುಟ್ಟಕ್ಕ ನನ್ನ ಮುಖ ನೋಡಿದಳು. "ಹೂಂ ಕಣಮ್ಮ, ನಾನೇ ಹೇಳ್ಲಿಲ್ಲ" ಎಂದು ಪಾತ್ರೆ ತೆಗೆದುಕೊಂಡು ಹೋದಳು. ಮಗು ಹುಟ್ಟಿದ ಮನೆಯಲ್ಲಿ ರಂಪ ಬೇಡವೆಂದೋ, ಏನೋ — ನಾನು ಕೇಳಲಿಲ್ಲ.

ಅತ್ತೆಯ ಬಾಯಿಂದ ಮಾತು ಬೀದಿಗೆ ಹೋಯಿತು. ಆಮೇಲೆ ಯಾರೂ ಅವಳ ಕಷಾಯಕ್ಕೆ ಲೋಟ ಹಿಡಿಯಲಿಲ್ಲ. ನನ್ನ ಹೆಂಡತಿ ಸಾಯುವವರೆಗೂ ಆ ಮನೆಯ ನೀರು ಮುಟ್ಟಲಿಲ್ಲ. ಮಗಳು ಗಿರಿಜಾ ಆ ಜಗಲಿ ಹತ್ತದೆಯೇ ಬೆಳೆದಳು. ನೋಡುತ್ತಾ ಇದ್ದೆ. ಪಲ್ಪರಿನ ಒಳಗಿನ ಸಣ್ಣ ಶಬ್ದ ಹಿಡಿದು ಕೆಟ್ಟದ್ದು ಎಲ್ಲೆಂದು ಹೇಳುವವನು — ಸುಮ್ಮನೆ ನೋಡುತ್ತಾ ಇದ್ದೆ.

ಈಗ ಗಿರಿಜಾ ಆಲೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಇಲ್ಲಿ ಗೋಡೆಯ ಈಚೆ ನಾನೊಬ್ಬ, ಆಚೆ ಪುಟ್ಟಕ್ಕ ಒಬ್ಬಳು. ಮೊನ್ನೆ ಅವಳ ಕೆಮ್ಮು ಕೇಳಿಸಿತು. ಕಷಾಯ ಕಾಸಿಕೊಂಡು ಹೋದೆ.

"ಏನೇನ್ ಹಾಕಿದ್ದೀಯ, ಹೇಳು ಮೊದ್ಲು" ಎಂದಳು ಒಳಗಿನಿಂದಲೇ.

"ಶುಂಠಿ, ಮೆಣಸು, ಬೆಲ್ಲ... ಪುಟ್ಟಕ್ಕ, ಅವತ್ತು ನೀನು ಹೇಳೇ ಕೊಟ್ಟಿದ್ದೆ."

"ಅದು ನಂಗ್ ಗೊತ್ತಿರೋದೇ ಕಣೋ. ಗೊತ್ತಿಲ್ದೋರ್ಗೆ ಹೇಳು."

ಹೊರಗೆ ಬರಲಿಲ್ಲ. ಲೋಟವನ್ನು ಜಗಲಿಯ ಮೇಲಿಟ್ಟು ಬಂದೆ. ಬೆಳಿಗ್ಗೆಯೂ ಅದು ತುಂಬಿಯೇ ಇತ್ತು.

ಗೊತ್ತಿಲ್ಲದ ನಿಮಗೆ ಹೇಳಿದ್ದೇನೆ. ಭಾನುವಾರ ಗಿರಿಜಾ ಬರುತ್ತಾಳೆ. ಅವಳಿಗೂ ಹೇಳುತ್ತೇನೆ — ಒಳಗೆ ಕೂತಲ್ಲ, ಜಗಲಿಯಲ್ಲಿ, ಬೀದಿಗೆ ಕೇಳುವ ಹಾಗೆ. ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳು ಅವಳ ತಾಯಿ. ಅವಳು ಬದುಕಿದ್ದಾಗ ಬಾಯಿ ಬಿಡದೆ, ಅವಳಿಗೆ ಹೇಳುವ ದಾರಿಯನ್ನು ನಾನೇ ಮುಚ್ಚಿಕೊಂಡೆ.