ಅಲುಗುವ ಎಲೆ

ನನ್ನ ಗಂಡ ಮಖಾತ, ಐಗೈ ಪಟ್ಟಣದ ಅರಮನೆಯಲ್ಲಿ ಅಕ್ಕಸಾಲಿಗ. ರಾಜರ ಮನೆಯವರಿಗೆ ಕಿರೀಟ, ಹಣೆಗೆ ಕಟ್ಟುವ ಚಿನ್ನದ ಪಟ್ಟಿ ಮಾಡುತ್ತಿದ್ದ. ಮಾತು ಕಮ್ಮಿ. ಆ ಪಟ್ಟಿಗೆ ಊದಿದರೆ ಹಾರಿಹೋಗುವಂಥ ಚಿನ್ನದ ಎಲೆ ಬಡಿಯುವವನು ಉಸಿರು ಬಿಗಿಹಿಡಿದೇ ಕೂತಿರಬೇಕು. ಮನೆಗೆ ಬಂದ ಮೇಲೂ ಹಾಗೇ ಕೂರುತ್ತಿದ್ದ.

"ಇಲ್ಲಿ ಚಿನ್ನ ಇಲ್ಲ ಕಣಯ್ಯಾ, ಬಾಯಿ ಬಿಡು. ಏನೂ ಹಾರೋಗಲ್ಲ" ಎನ್ನುತ್ತಿದ್ದೆ.

"ನೀನು ಮುಚ್ಚಿದ್ರೆ ತಾನೆ ನಾನು ಬಿಡೋದು."

ಅವರ ಕೆಲಸದಲ್ಲಿ ಒಂದು ಕಟ್ಟಳೆ ಇತ್ತು. ಬದುಕಿರುವವರ ಪಟ್ಟಿಗೆ ಎಲೆಗಳನ್ನು ಸುರುಳಿ ತಂತಿಯಲ್ಲಿ ಕೂರಿಸುತ್ತಾರೆ. ತಲೆ ಆಡಿದರೆ ಎಲೆ ಅಲುಗಬೇಕು. ಸತ್ತವರದಕ್ಕೆ ತಂತಿಯಿಲ್ಲ, ನೇರ ಬೆಸುಗೆ. ಅದು ಅಲುಗಬಾರದು.

ರಾಜರ ಕಿರಿಯ ಮಗಳು ಜ್ವರ ಬಂದು ಮಲಗಿದಳು. ಮೇಲ್ವಿಚಾರಕ ಕೆಬಾಲ ಬಂದು ಹೆಣದ ಪಟ್ಟಿ ಮಾಡು ಎಂದ.

"ಮಗು ಇನ್ನೂ ಉಸಿರಾಡ್ತಿದೆಯಲ್ಲ ಯಜಮಾನ್ರೆ?"

"ಉಸಿರು ನಿಂತ ಮೇಲೆ ಶುರು ಮಾಡಿದ್ರೆ ಹೊತ್ತಿಗೆ ಸಿಗುತ್ತೇನೋ? ಸುಮ್ನೆ ಮಾಡು."

ಆ ದಿನ ಮಖಾತ ರೊಟ್ಟಿ ಮುಟ್ಟಲಿಲ್ಲ.

"ಬದುಕಿರೋ ಕೂಸಿಗೆ ಹೆಂಗೆ ಬೆಸುಗೆ ಹಾಕ್ಲಿ, ಬಿಲಿಸ್ತಾ? ನಾನೇ ಕೊಂದಂಗಾಗುತ್ತೆ."

"ಕೆಲಸ ಹೋದ್ರೆ?"

"ಹೋಗ್ಲಿ. ಎದ್ದು ಓಡಾಡಿದ್ರೆ ಹಬ್ಬಕ್ಕೆ ಕಟ್ಕೊಳ್ತಾಳೆ."

ತಂತಿ ಹಾಕಿಯೇ ಮಾಡಿದ. ಮಗು ಏಳಲಿಲ್ಲ. ಬೇರೆ ಮಾಡಲು ಹೊತ್ತಿರಲಿಲ್ಲ, ಅದನ್ನೇ ಕಟ್ಟಿದರು. ನಾವೂ ದಾರಿಯ ಪಕ್ಕ ನಿಂತಿದ್ದೆವು. ಹೆಣ ಹೊರುವವರು ಇಳಿಜಾರಿಗೆ ಬಂದಾಗ ಎಲೆಗಳು ನಡುಗಿದವು. ರಾಣಿ ಕೂಗಿದಳು.

"ಇಳಿಸ್ರೋ! ನನ್ನ ಮಗಳು ತಲೆ ಆಡಿಸಿದ್ಲು!"

ಇಳಿಸಿದರು. ರಾಣಿ ಆ ಮುಖವನ್ನು ಎರಡು ಕೈಯಲ್ಲೂ ಹಿಡಿದಳು. ಹಿಡಿದೇ ಇದ್ದಳು. ಕೈ ಬಿಡಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಜೆ ಕೆಬಾಲ ಮಖಾತನನ್ನು ಹೊರಗೆ ಹಾಕಿದ. "ಸತ್ತ ಮಗೂನ ಇನ್ನೊಂದ್ಸಲ ಸಾಯಿಸಿದೆಯಲ್ಲೋ" ಎಂದ.

ಆಮೇಲೆ ಮಖಾತ ನಮ್ಮಂಥ ಬಡವರ ಹೆಣಗಳಿಗೆ ಪಟ್ಟಿ ಮಾಡಿದ. ಕಂಚಿನ ಎಲೆ, ನಡುವೆ ಬಂಗಾರದ ಲೇಪ ಕೊಟ್ಟ ಮಣ್ಣಿನ ಪುಟ್ಟ ಕಾಯಿ. ಬೆಸುಗೆ ಹಾಕಿದ ಮೇಲೆ ಒಂದೊಂದು ಎಲೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದ. ಯಾವುದಾದರೂ ಅಲುಗಿದರೆ ಅದರ ಮೇಲೆ ಮತ್ತೆ ಬೆಂಕಿ ಇಡುತ್ತಿದ್ದ. ರಾಣಿಯ ಹೆಸರು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದ.

ಈ ಚಳಿಗಾಲದಲ್ಲಿ ಕೆಮ್ಮು ಬಂದು ಹೋದ. ಅವನು ಕೂರುತ್ತಿದ್ದ ಜಾಗದಲ್ಲಿ ಒಂದು ಪಟ್ಟಿ ಅರ್ಧಕ್ಕೆ ನಿಂತಿತ್ತು. ಎಲೆಗಳು ಬಿಡಿಯಾಗಿದ್ದವು. ಅವನ ಹಣೆಗೆ ಅದನ್ನೇ ಕಟ್ಟೋಣವೆಂದು ಮೈದುನ ಆದುಮ ಬೆಸುಗೆ ಹಾಕಲು ಕುಲುಮೆ ಹೊತ್ತಿಸಿದ. ನಾನು ಎಲೆಗಳನ್ನು ಮಡಿಲಿಗೆ ಎಳೆದುಕೊಂಡು ತಂತಿ ಸುತ್ತತೊಡಗಿದೆ.

"ತಂತಿ ಯಾಕತ್ತಿಗೆ? ಹೆಣಕ್ಕೆ ಹಾಕಬಾರದು. ಅಣ್ಣ ಇದ್ದಿದ್ರೆ ಒಪ್ತಿರಲಿಲ್ಲ."

"ಒಪ್ಪಲ್ಲ ಅಂತ ಎದ್ದು ಬಂದು ಹೇಳ್ಲಿ. ನಂಗೂ ಬೇಕಾಗಿರೋದು ಅದೇ."

ಆದುಮ ಬೆಂಕಿ ಆರಿಸಿದ. ಆಮೇಲೆ ಪಕ್ಕದಲ್ಲಿ ಕೂತು, ನನ್ನ ಸೊಟ್ಟ ಸುರುಳಿಗಳನ್ನು ಸರಿ ಮಾಡಿಕೊಟ್ಟ.

ಊರ ಬಾಗಿಲಿನ ಹೊರಗೆ ದಾರಿ ಕಲ್ಲುಕಲ್ಲು. ಅಲ್ಲಿ ಎಲೆಗಳು ಅಲುಗಿದವು, ಅವನು ಏನೋ ಹೇಳಲು ತಲೆ ಎತ್ತಿದ ಹಾಗೆ. ನಾನು ಕೂಗಲಿಲ್ಲ. ಸ್ವಲ್ಪ ನಿಧಾನ ಹೋಗಿ ಎಂದು ಹೊರುವವರಿಗೆ ಹೇಳಿದೆ.